ಗುಡ್ಡದ ಮಣ್ಣು ಎಲ್ಲಿಂದ ಹೊರಟಿತು?

ಚಿತ್ರದುರ್ಗದ ಕಡೆ ಕೆರೆ ಬತ್ತಿದರೆ ಗೋಡು, ಅಂದರೆ ಕೆರೆಯ ಹೂಳು, ಹೊಡೆಯುವ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಆ ಗೋಡು ಯಾವ ಗುಡ್ಡದ್ದು, ಇಳಿಜಾರಿನ ಯಾವ ಜಾಗದ್ದು? ಹೂಳು ಅಳೆದರೆ ಅದು ಗೊತ್ತಾಗುವುದಿಲ್ಲ. ಹೊರಟ ಮಣ್ಣೆಲ್ಲ ಕೆರೆ ಸೇರುವುದೂ ಇಲ್ಲ. ಬದುವಿನ ಹಿಂದೆ, ಗುಡ್ಡದ ಬುಡದಲ್ಲಿ ಎಷ್ಟೋ ನಿಂತುಬಿಡುತ್ತದೆ.

ಹೊಲದಲ್ಲೇ ನಿಂತು ನೋಡಿದರೂ ಕಾಣದು. ಒಂದು ಹೆಕ್ಟೇರಿನಲ್ಲಿ ಬರೀ ಒಂದು ಮಿಲಿಮೀಟರ್ ಮಣ್ಣು ಹೋದರೆ ಸುಮಾರು 13 ಟನ್. ದೇಶದ ಸರಾಸರಿ ಸವಕಳಿ ವರ್ಷಕ್ಕೆ ಹೆಕ್ಟೇರಿಗೆ 16.35 ಟನ್ ಎಂದು 1983ರಲ್ಲಿ ಅಂದಾಜಿಸಿದ್ದರು. ಇಷ್ಟನ್ನು ಯಾರ ಕಣ್ಣು ಹಿಡಿಯುತ್ತದೆ?

ಇದಕ್ಕೊಂದು ಗುರುತು ಸಿಕ್ಕಿದ್ದು ಅಣುಬಾಂಬ್ ಪರೀಕ್ಷೆಗಳಿಂದ. 1950–60ರ ದಶಕಗಳಲ್ಲಿ ಬಯಲಲ್ಲಿ ಸಿಡಿಸಿದ ಬಾಂಬ್‌ಗಳಿಂದ ಹುಟ್ಟಿದ, ವಿಕಿರಣ ಸೂಸುವ ಸೀಸಿಯಂ-137 ಮಳೆಯ ಜೊತೆ ನೆಲಕ್ಕಿಳಿಯಿತು. 1963ರ ಸುಮಾರಿಗೆ ಅತಿ ಜಾಸ್ತಿ ಬಿತ್ತು. ಅದು ಜೇಡಿ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮಣ್ಣು ಹೋದಲ್ಲಿಗೆ ತಾನೂ ಹೋಗುತ್ತದೆ. ನೇಗಿಲು ಕಾಣದ ಸಮತಟ್ಟು ಜಾಗದಲ್ಲಿ ಕೊಳವೆ ಇಳಿಸಿ ಮಣ್ಣು ತೆಗೆಯುತ್ತಾರೆ, ಇಳಿಜಾರಿನಲ್ಲೂ ತೆಗೆಯುತ್ತಾರೆ. ಒಣಗಿಸಿ, ಜರಡಿ ಹಿಡಿದು, ಗಾಮಾ ಕಿರಣ ಎಣಿಸುವ ಯಂತ್ರದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಸಮತಟ್ಟು ಜಾಗಕ್ಕಿಂತ ಇಳಿಜಾರಿನಲ್ಲಿ ಸೀಸಿಯಂ ಕಮ್ಮಿಯಿದ್ದರೆ ಅಲ್ಲಿಂದ ಮಣ್ಣು ಹೋಗಿದೆ, ಜಾಸ್ತಿಯಿದ್ದರೆ ಬಂದು ಕೂತಿದೆ.

ಪ್ರಕೃತಿಯದೇ ಗುರುತುಗಳೂ ಇವೆ. ರೇಡಾನ್ ಅನಿಲದಿಂದ ಹುಟ್ಟುವ ಸೀಸ-210 ಸುಮಾರು ನೂರು ವರ್ಷದ ಕಥೆ ಹೇಳುತ್ತದೆ. 53 ದಿನಕ್ಕೆ ಅರ್ಧವಾಗುವ ಬೆರಿಲಿಯಂ-7 ಒಂದೇ ಜೋರು ಮಳೆಯದ್ದನ್ನೂ ಹೇಳಬಲ್ಲದು. ವಿಜ್ಞಾನಿಗಳು ತಾವೇ ಗುರುತು ಹಾಕುವುದೂ ಉಂಟು: ಇಳಿಜಾರಿನ ಪಟ್ಟಿಪಟ್ಟಿಗೆ ಬೇರೆಬೇರೆ ಅಪರೂಪದ ಲೋಹದ ಆಕ್ಸೈಡ್ ಬೆರೆಸುತ್ತಾರೆ. ಕೆಳಗೆ ಹರಿದುಬಂದ ಕೆಸರು ಪರೀಕ್ಷಿಸಿದರೆ ಯಾವ ಪಟ್ಟಿಯಿಂದ ಎಷ್ಟು ಬಂತೆಂದು ತಿಳಿಯುತ್ತದೆ.

ಸೀಸಿಯಂ ಹೇಳಿದ ದೊಡ್ಡ ವಿಷಯ ಬೇರೆಯೇ. ನೀರು ಅಷ್ಟಾಗಿ ಕೊಚ್ಚದ ದಿಬ್ಬದ ನೆತ್ತಿಯಲ್ಲೂ ಮಣ್ಣು ತೆಳುವಾಗಿತ್ತು. ಕಾರಣ ಉಳುಮೆ! ಪ್ರತಿ ಸಲ ಉತ್ತಾಗಲೂ ನೇಗಿಲು ಮಣ್ಣನ್ನು ಒಂದಿಷ್ಟು ಕೆಳಕ್ಕೆ ತಳ್ಳುತ್ತದೆ. 1990ರ ದಶಕದಲ್ಲಿ ಇದು ಜಗತ್ತಿನಾದ್ಯಂತ ಚರ್ಚೆಯಾಯಿತು. ಚಳ್ಳಕೆರೆಯ ಶೇಂಗಾ ಹೊಲಗಳಿಗೂ ಇದು ಮುಖ್ಯ ಅಲ್ವಾ? ಬದು ಹಾಕಿ ನೀರು ತಡೆದರೂ ಬದುಗಳ ನಡುವಿನ ಉಳುಮೆ ನಿಲ್ಲುವುದಿಲ್ಲ.

2001ರಲ್ಲಿ ಶುರುವಾದ ಸುಜಲ ಯೋಜನೆ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ಜಲಾನಯನ ಕೆಲಸ ಮಾಡಿತು. ಎಷ್ಟು ಬದು ಹಾಕಿದೆವು ಎಂಬ ಲೆಕ್ಕದ ಜೊತೆ, ಮಣ್ಣು ಎಲ್ಲಿ ನಿಂತಿತು ಎಂಬುದನ್ನೂ ಕೆಲವು ಇಳಿಜಾರುಗಳಲ್ಲಾದರೂ ಬೇಗ ಅಳೆಯಬೇಕು. ಸೀಸಿಯಂ ಸುಮಾರು 30 ವರ್ಷಕ್ಕೆ ಅರ್ಧವಾಗುತ್ತದೆ. 1963ರಲ್ಲಿ ಬಿದ್ದದ್ದರಲ್ಲಿ ಈಗ ಕಾಲು ಭಾಗವೂ ಉಳಿದಿಲ್ಲ.