ಪುಟ ಬಾಯಿಗೆ ಬಂತು, ಓದು ಬಂತೇ?

ಎರಡನೇ ತರಗತಿಯ ಮಗು ಪಾಠದ ಸಾಲುಗಳ ಮೇಲೆ ಬೆರಳಿಟ್ಟು ಗಡಗಡ ಓದುತ್ತಿದ್ದರೆ ಸ್ವಲ್ಪ ಬಗ್ಗಿ ಆ ಬೆರಳನ್ನು ನೋಡಿ. ಎಷ್ಟೋ ಸಲ ಬಾಯಿ ನಾಲ್ಕನೇ ಸಾಲಿಗೆ ಹೋಗಿರುತ್ತದೆ, ಬೆರಳು ಇನ್ನೂ ಎರಡನೆಯದರಲ್ಲೇ ಇರುತ್ತದೆ. ಇಡೀ ತರಗತಿ ಒಟ್ಟಿಗೆ ರಾಗ ಎಳೆಯುವಾಗ ಇದು ಗೊತ್ತೇ ಆಗುವುದಿಲ್ಲ. ಐದಾರು ಮಕ್ಕಳು ಓದುತ್ತಾರೆ, ಮಿಕ್ಕವರು ದನಿಗೂಡಿಸುತ್ತಾರೆ. ಮಂಡ್ಯದ ಕಡೆ ಸಣ್ಣ ತರಗತಿಗಳಿಗೆ ಪಾಠ ಮಾಡುವ ನಾನು ಹೊಸದಾಗಿ ಬಂದ ಶಿಕ್ಷಕರಿಗೆ ಮೊದಲು ಹೇಳುವ ಮಾತು ಇದು: ಪುಟದ ನಡುವಿನ ಯಾವುದಾದರೂ ಪದ ತೋರಿಸಿ ಒಬ್ಬೊಬ್ಬರನ್ನೇ ಕೇಳಿ. ಪಾಠದ ಪದಗಳನ್ನೇ ಹಿಂದೆಮುಂದೆ ಮಾಡಿ ಬೋರ್ಡಿನ ಮೇಲೆ ಹೊಸ ವಾಕ್ಯ ಬರೆಯಿರಿ. ಅದನ್ನು ಓದಿದ ಮಗುವಿಗೆ ಓದು ಬಂದಿದೆ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಆಟ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ, ದಸರ ಎಂದು ಓದಿಬಿಡುತ್ತದೆ. ಅ ಆ ಇ ಈ ಎಂದೇ ವಾರಗಟ್ಟಲೆ ತಿದ್ದಿಸಿದರೆ ಕೂಡಿಸಿ ಓದಲು ಪದವೇ ಸಿಗುವುದಿಲ್ಲ.

ನಿಜವಾದ ಕಷ್ಟ ಇರುವುದು ಮುಂದೆ. 34 ವ್ಯಂಜನಗಳ ಕಾಗುಣಿತ ಲೆಕ್ಕ ಹಾಕಿದರೆ 500ಕ್ಕೂ ಹೆಚ್ಚು ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರ. 'ಮ' ಮತ್ತು 'ವು' ಎರಡನ್ನೂ ಪಕ್ಕಪಕ್ಕ ಬರೆದು ನೋಡಿ, ಮಗು ಏಕೆ ತಡವರಿಸುತ್ತದೆ ಎಂದು ನಿಮಗೇ ತಿಳಿಯುತ್ತದೆ. ಅರ್ಕಾವೊತ್ತು ಇನ್ನೂ ಕಠಿಣ. 'ಸೂರ್ಯ' ಪದದಲ್ಲಿ ಕಣ್ಣಿಗೆ ಯ ಮೊದಲು ಬೀಳುತ್ತದೆ, ಒತ್ತು ಆಮೇಲೆ. ಬಾಯಿ ಮಾತ್ರ ರ್ ಅನ್ನು ಮೊದಲು ಹೇಳಬೇಕು. 'ಸೂಯರ' ಎಂದ ಮಗು ಕಂಡದ್ದನ್ನು ಕಂಡ ಹಾಗೆಯೇ ಓದಿದೆ, ಅದಕ್ಕೆ ಗದರಬೇಡಿ. ಸೂರ್, ಯ ಎಂದು ಬಿಡಿಸಿ ಬರೆದು, ಓದಿಸಿ, ಕೂಡಿಸಿ ತೋರಿಸಿ. ಬಳಿಕ ಕಾರ್ಯ, ವರ್ಷ, ಕರ್ನಾಟಕ ಎಂದು ಅದೇ ಜಾತಿಯ ಪದಗಳನ್ನು ಒಂದು ವಾರ ಬಿಡದೆ ಓದಿಸಿ.

ನಮ್ಮ ಕಡೆ ಓದಿಸುವವರಿಗೆ ಇನ್ನೊಂದು ವಿವೇಕ ಬೇಕು. 'ಹಾಲು' ಎಂದು ಬರೆದದ್ದನ್ನು ಮಗು 'ಆಲು' ಎನ್ನುತ್ತದೆ. ಏನದು ಎಂದು ಕೇಳಿದರೆ, "ಅಸ ಕೊಡ್ತದಲ್ಲ ಮಿಸ್, ಅದು" ಎನ್ನುತ್ತದೆ. ಪದ ಗುರುತಾಗಿದೆ, ಅರ್ಥವೂ ಆಗಿದೆ. ಆ ಗಳಿಗೆಯಲ್ಲಿ ಉಚ್ಚಾರಣೆ ತಿದ್ದಲು ನಿಂತರೆ ಮಗು ಮುಂದಿನ ಪದಕ್ಕೆ ಬಾಯಿಯೇ ತೆರೆಯುವುದಿಲ್ಲ. ಹಕಾರವನ್ನು ಉಕ್ತಲೇಖನದ ಹೊತ್ತಿಗೆ ಇಟ್ಟುಕೊಳ್ಳಿ. ಮನೆಮಾತಿನ ಬಗ್ಗೆ ನಾಚಿಕೆ ಹುಟ್ಟಿಸಿ ಓದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರೇ ಒಳ್ಳೆಯ ಪಾಠ. ಮಕ್ಕಳು ದಿನವೂ ಬಸ್ಸಿನ ಬೋರ್ಡಿನಲ್ಲಿ ನೋಡುವ ಹೆಸರುಗಳು. ನಾಗಮಂಗಲದಲ್ಲಿ ಒಂದು ದೀರ್ಘ, ಒಂದು ಸೊನ್ನೆ, ಅಷ್ಟೆ. ಪಾಂಡವಪುರಕ್ಕೆ ಪು ಸೇರುತ್ತದೆ. ಮದ್ದೂರು, ಮಳವಳ್ಳಿಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ಮಂಡ್ಯದಲ್ಲಿ ಬೇರೆ ಅಕ್ಷರದ ಒತ್ತು. ಆಮೇಲೆ ಶ್ರೀರಂಗಪಟ್ಟಣ. ಕೃಷ್ಣರಾಜಪೇಟೆಯನ್ನು ಕೊನೆಗೆ ಇಡಿ. ಬೋರ್ಡಿನಲ್ಲಿ ಕೆ.ಆರ್. ಪೇಟೆ ಎಂದಿದ್ದರೂ ಪೂರ್ತಿ ಹೆಸರನ್ನೇ ಓದಿಸಿ. ಪದ ಬರೆದು ತೋರಿಸುವ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡ್) ಕೊಂಡು ತರಬೇಕಿಲ್ಲ, ಹಳೆಯ ಮದುವೆ ಕಾರ್ಡಿನ ಹಿಂಬದಿ ಸಾಕು.

ಇದಕ್ಕೆಲ್ಲ ಸಮಯ ಎಲ್ಲಿ ಎಂದು ಶಿಕ್ಷಕರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ದಿನಕ್ಕೆ ಐದು ಮಕ್ಕಳನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ತಲಾ ಎರಡು ನಿಮಿಷ ಓದಿಸಿ. ಉಳಿದವರು ಜೋಡಿಯಾಗಿ ಓದಿಕೊಳ್ಳಲಿ. ಮೂವತ್ತು ಮಕ್ಕಳಿದ್ದರೂ ಸೋಮವಾರದಿಂದ ಶನಿವಾರದೊಳಗೆ ಒಂದು ಸುತ್ತು ಮುಗಿಯುತ್ತದೆ. ಯಾವ ಮಗು ಯಾವ ಅಕ್ಷರದಲ್ಲಿ ನಿಂತಿತು ಎಂದು ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ.