ಹಳೆ ಸಿಂಗರ್ 111ಡಬ್ಲ್ಯು155ರಲ್ಲಿ ಲೆದರ್: ಸ್ಟಿಚ್ ಯಾಕೆ ಜಂಪ್ ಆಗ್ತದೆ

ನಮ್ಮ ಮಂಗಳೂರು ಉಡುಪಿ ಕಡೆ ಕುಶನ್ ವರ್ಕ್ಸ್‌ನವರ ಹತ್ರ ಈ ಹಳೆ ಸಿಂಗರ್ 111ಡಬ್ಲ್ಯು155, ಅಂದ್ರೆ ದಪ್ಪ ಕೆಲಸದ ಹೊಲಿಗೆ ಮಿಷನ್, ತಗೊಂಡು ಬ್ಯಾಗು, ಬೆಲ್ಟು, ಡ್ಯಾನ್ಸ್ ಕ್ಲಾಸಿನವರ ಗೆಜ್ಜೆ ಪಟ್ಟಿ ಅಂತ ಲೆದರ್ ಕೆಲಸ ಕಲಿಲಿಕ್ಕೆ ಹೊರಟವರಿಗೆ ಈ ನೋಟ್ಸ್. ಎಲ್ಲರದ್ದೂ ಕಂಪ್ಲೇಂಟ್ ಒಂದೇ, ರೆಕ್ಸಿನ್‌ನಲ್ಲಿ ಚಂದ ಹೊಲಿಯುವ ಮಿಷನ್ ಲೆದರ್ ಇಟ್ಟ ಕೂಡ್ಲೆ ಸ್ಟಿಚ್ ಜಂಪ್ ಮಾಡ್ತದೆ, ಅಂದ್ರೆ ನಡುನಡುವೆ ಹೊಲಿಗೆ ಬೀಳುದಿಲ್ಲ. ನೋಡಿದವರೆಲ್ಲ "ಟೈಮಿಂಗ್ ಹೋಗಿದೆ" ಅಂತ ಹೇಳಿ ಸ್ಕ್ರೂ ಡ್ರೈವರ್ ಹಿಡಿತಾರೆ. ಟೈಮಿಂಗ್ ಅಂದ್ರೆ ಸೂಜಿಯೂ ಅಡಿಯಲ್ಲಿ ತಿರುಗುವ ಹುಕ್ಕೂ ಸರಿಯಾದ ಹೊತ್ತಿಗೆ ಸೇರುದು. ನಾನು ಹೇಳುದು ಇಷ್ಟೇ, ಸ್ವಲ್ಪ ನಿಲ್ಲಿ, ಟೈಮಿಂಗ್ ಮುಟ್ಟುದು ಕೊನೆಗೆ, ಮೊದ್ಲು ಲೂಪ್ ಆಗ್ತಾ ಉಂಟಾ ನೋಡಿ.

ಲೂಪ್ ಅಂದ್ರೆ ಎಂತ? ಸೂಜಿಯ ಒಂದು ಬದಿಯಲ್ಲಿ ಉದ್ದದ ಗೆರೆ ಉಂಟು, ಇನ್ನೊಂದು ಬದಿಯಲ್ಲಿ ಕಣ್ಣಿನ ಮೇಲೆ ಸ್ವಲ್ಪ ತಗ್ಗು. ಸೂಜಿ ಪೂರ್ತಿ ಕೆಳಗೆ ಹೋಗಿ ವಾಪಸ್ ಸುಮಾರು 2.3 ಮಿ.ಮೀ. ಮೇಲೆ ಬರುವಾಗ ಗೆರೆ ಬದಿಯ ನೂಲು ಗೆರೆಯೊಳಗೇ ಆರಾಮಾಗಿ ಇರ್ತದೆ, ತಗ್ಗಿನ ಬದಿಯ ನೂಲು ಮಾತ್ರ ಲೆದರಿಗೆ ಉಜ್ಜಿ ಸಿಕ್ಕಿಕೊಂಡು ಮೇಲೆ ಹೋಗ್ಲಿಕ್ಕೆ ಆಗದೆ ಹೊರಗೆ ಉಬ್ಬಿ ನಿಲ್ತದೆ. ಆ ಉಬ್ಬಿನೊಳಗೆ ಹುಕ್ಕಿನ ಮೂತಿ ತೂರಿ ನೂಲನ್ನು ಬಾಬಿನ್ ಕೇಸಿನ (ಅಡಿ ನೂಲಿನ ಉಂಡೆ ಕೂರುವ ಡಬ್ಬಿ) ಸುತ್ತ ತಗೊಂಡು ಹೋದ್ರೆ ಒಂದು ಸ್ಟಿಚ್. ಉಬ್ಬೇ ಬರದಿದ್ರೆ ಹುಕ್ಕು ಎಷ್ಟು ಕರೆಕ್ಟ್ ಟೈಮಿಗೆ ಬಂದ್ರೂ ಹಿಡಿಲಿಕ್ಕೆ ಎಂತ ಉಂಟು ಅಲ್ಲಿ?

ಈಗ ಲೆದರ್‌ನಲ್ಲಿ ಆಗುದು ನೋಡಿ. ಲೆದರ್ ಸೂಜಿಯನ್ನು ಗಟ್ಟಿ ಕಚ್ಚಿ ಹಿಡಿತದೆ, ಸೂಜಿ ಮೇಲೆ ಬರುವಾಗ ಅದರ ಜೊತೆಗೇ ಲೆದರೂ ಒಂದೆರಡು ಮಿಲಿಮೀಟರ್ ಎದ್ದು ಬರ್ತದೆ, ಲೆದರ್ ಎದ್ರೆ ನೂಲೂ ಏಳ್ತದೆ, ಲೂಪ್ ಢಮಾರ್. ಇದನ್ನು ಕಣ್ಣಿಂದಲೇ ನೋಡ್ಬಹುದು, ಮೋಟಾರ್ ಆಫ್ ಮಾಡಿ ಹ್ಯಾಂಡ್ ವೀಲ್ ಕೈಯಲ್ಲಿ ನಿಮ್ಮ ಕಡೆಗೆ ನಿಧಾನ ತಿರುಗಿಸಿ, ಸೂಜಿ ಏಳುವಾಗ ಫುಟ್ಟಿನ (ಲೆದರನ್ನು ಮೇಲಿಂದ ಒತ್ತಿ ಹಿಡಿಯುವ ಪಾದ) ಬದಿಯಿಂದ ಬಗ್ಗಿ ನೋಡಿ. ಲೆದರ್ ಏಳ್ತಾ ಉಂಟು ಅಂತಾದ್ರೆ ಫುಟ್ಟಿನ ಪ್ರೆಶರ್ ಜಾಸ್ತಿ ಮಾಡಿ. ಅದರಲ್ಲೂ ಆಗದಿದ್ರೆ ಲೆದರನ್ನು ಅಡಿಯಿಂದ ಮುಂದೆ ತಳ್ಳುವ ಫೀಡ್ ಡಾಗ್‌ನಲ್ಲಿರುವ ಸೂಜಿ ತೂತು ನೋಡಿ, ಹಳೆ ಮಿಷನ್‌ನಲ್ಲಿ ಅದು ಸವೆದು ದೊಡ್ಡ ಆಗಿರ್ತದೆ, ಕೆಳಗಿಂದ ಆಧಾರ ಇಲ್ಲದೆ ಲೆದರ್ ಆ ತೂತಿನೊಳಗೇ ಬಗ್ತದೆ.

ಸೂಜಿಗೆ ಬರುವ. ಈ ಮಿಷನ್ನಿಗೆ ಬೇಕಾದ್ದು 135×17 ಅಥವಾ 135×16. ಎರಡರ ಉದ್ದ ಒಂದೇ, ಬುಡ ಒಂದೇ, ತುದಿ ಮಾತ್ರ ಬೇರೆ, 17 ಬಟ್ಟೆ ರೆಕ್ಸಿನ್‌ಗೆ, 16 ಲೆದರ್ ಕುಯ್ಯುವ ತುದಿ. ಟೈಲರ್ ಮಿಷನ್ನಿನ ಡಿಬಿ×1 ಸೂಜಿ ಗಿಡ್ಡ, ಬುಡವೂ ಸಣ್ಣ, ಅದನ್ನು ಹೇಗೋ ಸಿಕ್ಕಿಸಿ "ಟೈಮಿಂಗ್ ಸರಿ ಇಲ್ಲ" ಅಂದ್ರೆ ಮಿಷನ್ ಎಂತ ಮಾಡ್ಬೇಕು ಮಾರಾಯ್ರೆ. ಉದ್ದ ಗೆರೆ ಎಡಕ್ಕೆ ಬರ್ಬೇಕು, ನೂಲು ಎಡದಿಂದ ಬಲಕ್ಕೆ. ಸ್ವಲ್ಪ ತಿರುಗಿ ಕೂತ್ರೂ ಲೂಪ್ ಹುಕ್ಕಿನ ಎದುರಿಗೆ ಬರದೆ ಬದಿಗೆ ಸರಿತದೆ.

ಸೈಜ್ ವಿಷಯ. ಬಾಂಡೆಡ್ ನೈಲಾನ್ ನೂಲಿನ ಟಿಕೆಟ್ ನಂಬ್ರ ಸಣ್ಣ ಆದಷ್ಟು ನೂಲು ದಪ್ಪ. ಟಿಕೆಟ್ 40ಕ್ಕೆ 100 ಅಥವಾ 110ರ ಸೂಜಿ, ಟಿಕೆಟ್ 30ಕ್ಕೆ 110ರಿಂದ 125, ಟಿಕೆಟ್ 20ಕ್ಕೆ 125 ಇಲ್ಲ 140. ಈ 110, 140 ಅಂದ್ರೆ ಸೂಜಿಯ ದಪ್ಪ, ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ಲೆಕ್ಕದಲ್ಲಿ, 110 ಅಂದ್ರೆ 1.1 ಮಿ.ಮೀ. ಸಪೂರ ನೂಲಿಗೆ ದಪ್ಪ ಸೂಜಿ ಹಾಕಿದ್ರೆ ತೂತು ಸಡಿಲ ಆಗಿ ನೂಲು ಉಜ್ಜದೆ ಹಾಗೇ ಮೇಲೆ ಬರ್ತದೆ, ಮತ್ತೆ ಲೂಪ್ ಇಲ್ಲ. ದಪ್ಪ ನೂಲಿಗೆ ಸಪೂರ ಸೂಜಿ ಆದ್ರೆ ನೂಲು ಗೆರೆಯೊಳಗೆ ಕೂರದೆ ಎಳೆ ಬಿಡ್ತದೆ.

ಇಲ್ಲಿ ಒಂದು ಮುಖ್ಯ ಪಾಯಿಂಟ್, ಇದನ್ನು ಯಾರೂ ಹೇಳಿ ಕೊಡುದಿಲ್ಲ. ಕುಶನ್‌ನವರು ದಪ್ಪ ಸೂಜಿ ಹಾಕಿ ಸೀಟ್ ಕವರ್ ಹೊಲಿತಾ ಇದ್ದ ಮಿಷನ್ ಆದ್ರೆ ಹುಕ್ಕನ್ನು ಆ ದಪ್ಪಕ್ಕೆ ಸೆಟ್ ಮಾಡಿರ್ತಾರೆ. ನೀವು 160 ತೆಗೆದು 110 ಹಾಕಿದ್ರಿ ಅಂತ ಇಟ್ಕೊಳ್ಳಿ, ದಪ್ಪದಲ್ಲಿ ಅರ್ಧ ಮಿ.ಮೀ. ಕಡಿಮೆ, ಅಂದ್ರೆ ಹುಕ್ಕಿನ ಬದಿಗೆ ಹೆಚ್ಚುಕಡಿಮೆ ಕಾಲು ಮಿ.ಮೀ. ಖಾಲಿ ಜಾಗ. ಹುಕ್ಕಿಗೂ ಸೂಜಿಗೂ ಮಧ್ಯೆ ಕಾಗದದ ದಪ್ಪದಷ್ಟು, 0.1 ಮಿ.ಮೀ. ಒಳಗೆ ಗ್ಯಾಪ್ ಇರ್ಬೇಕಾದಲ್ಲಿ ಇದು ತುಂಬಾ ಆಯ್ತು. ಟೈಮಿಂಗ್ ಸರಿಯೇ ಉಂಟು, ದೂರ ಮಾತ್ರ ಜಾಸ್ತಿ ಆದದ್ದು. ಹುಕ್ಕು ಕೂತಿರುವ ಸ್ಯಾಡಲ್ಲಿನ ಸ್ಕ್ರೂ ಸಡಿಲ ಮಾಡಿ ಸೂಜಿ ಕಡೆ ಒಂದು ಚೂರು ಸರಿಸಿ ಟೈಟ್ ಮಾಡಿದ್ರೆ ಆಯ್ತು, ತಾಗ್ಲಿಕ್ಕೆ ಮಾತ್ರ ಬಿಡ್ಬೇಡಿ, ತಾಗಿದ್ರೆ ಹುಕ್ಕಿನ ಮೂತಿ ಮೊಂಡಾಗ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಜಂಪ್ ಆದ್ರೆ ಆಗ ಟೈಮಿಂಗ್. ಸೂಜಿ ಅಡಿಯಿಂದ ಆ 2.3 ಮಿ.ಮೀ. ಮೇಲೆ ಬಂದಾಗ ಹುಕ್ಕಿನ ಮೂತಿ ಸೂಜಿಯ ತಗ್ಗಿನ ನಡುವೆ, ಕಣ್ಣಿನ ಮೇಲಂಚಿಂದ ಸುಮಾರು 1.5 ಮಿ.ಮೀ. ಮೇಲೆ ಇರ್ಬೇಕು. ಮೇಲಿನ ಶಾಫ್ಟಿಂದ ಕೆಳಗಿನ ಶಾಫ್ಟಿಗೆ ಹೋಗುವ ಹಲ್ಲಿನ ಬೆಲ್ಟ್ ಚೇಂಜ್ ಮಾಡಿದವರಿಗೆ ಟೈಮಿಂಗ್ ಪುನಃ ಮಾಡ್ಲೇಬೇಕಾಗ್ತದೆ.

ಫುಟ್ಟು ಎರಡು ಉಂಟಲ್ಲ, ಒಳಗಿನದ್ದು ಸೂಜಿ ಜೊತೆ ನಡಿತದೆ, ಹೊರಗಿನದ್ದು ಅದು ವಾಪಸ್ ಬರುವ ತನಕ ಲೆದರ್ ಹಿಡಿತದೆ. ಎರಡೂ ಸಮ ಎತ್ತರಕ್ಕೆ ಏಳ್ಬೇಕು. ಒಂದು ಜಾಸ್ತಿ ಎದ್ದು ಇನ್ನೊಂದು ಬರೇ ಹೆಸರಿಗೆ ಎದ್ರೆ ದಪ್ಪ ಜಾಯಿಂಟ್ ಬಂದಲ್ಲಿ ಮಿಷನ್ ಹತ್ಲಿಕ್ಕೆ ಒದ್ದಾಡ್ತದೆ, ಸ್ಟಿಚ್ ಅಲ್ಲಿ ಗಿಡ್ಡ ಆಗ್ತದೆ. ಹಿಂದುಗಡೆಯ ಕ್ರ್ಯಾಂಕಿನಲ್ಲಿ ಸರಿ ಮಾಡ್ಲಿಕ್ಕೆ ಆಗ್ತದೆ.

ತುಕ್ಕು ಬಗ್ಗೆ ಹೇಳದಿದ್ರೆ ನಮ್ಮ ಊರಿನ ನೋಟ್ಸ್ ಆಗುದಿಲ್ಲ. ಸಮುದ್ರದ ಗಾಳಿ, ಮೇಲಿಂದ ಜೂನ್‌ನಿಂದ ಮಳೆ, ಒಂದು ತಿಂಗಳು ಮುಟ್ಟದಿದ್ರೆ ಸೂಜಿ ಬಾರ್ ಕೆಂಪಾಗ್ತದೆ. ಒಳಗೆ ಅಂಟಾದ ಹಳೆ ಎಣ್ಣೆಗೆ ಚಿಮಿಣಿ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಒರೆಸಿ, ಮತ್ತೆ ಮಿಷನ್ ಎಣ್ಣೆ, ಅಡುಗೆಮನೆ ಎಣ್ಣೆ ಯಾವುದೂ ಬೇಡ. ಮೈಗೆ ಸ್ಪಿರಿಟ್, ಥಿನ್ನರ್ ತಾಗಿಸ್ಬೇಡಿ, ಮೇಲಿನ ಶೆಲ್ಯಾಕ್ ಪಾಲಿಶ್ ಕರಗಿ ಚಿನ್ನದ ಬಣ್ಣದ ಅಕ್ಷರ ಎದ್ದು ಬರ್ತದೆ. ಸ್ಕ್ರೂಗಳ ಥ್ರೆಡ್ ಸಿಂಗರಿನದ್ದೇ ಬೇರೆ, ತಲೆ ಹಾಳಾದ್ರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುದಿಲ್ಲ, ಹಾಗಾಗಿ ಸ್ಲಾಟಿಗೆ ಸರಿ ಕೂರುವ ಸ್ಕ್ರೂ ಡ್ರೈವರೇ ಬೇಕು.

ಟೆನ್ಶನ್ (ನೂಲಿನ ಬಿಗಿ) ಸೆಟ್ ಮಾಡುವಾಗ ಮೊದ್ಲು ಬಾಬಿನ್, ಮತ್ತೆ ಮೇಲಿನದ್ದು. ಮೇಲಿನ ನೂಲೂ ಅಡಿ ನೂಲೂ ಸೇರುವ ಗಂಟು ಲೆದರಿನ ದಪ್ಪದ ನಡುವೆ ಅಡಗಿ ಕೂರ್ಬೇಕು. ಒಟ್ಟು ದಪ್ಪವೇ ಒಂದೂವರೆ ಮಿ.ಮೀ. ಇದ್ದು ಟಿಕೆಟ್ 20ರ ನೂಲು ಹಾಕಿದ್ರೆ ಗಂಟಿಗೆ ಅಡಗ್ಲಿಕ್ಕೆ ಜಾಗವೇ ಇಲ್ಲ, ನೀವು ಎಷ್ಟು ತಿರುಗಿಸಿದ್ರೂ ಮೇಲೋ ಕೆಳಗೋ ಕಾಣ್ತದೆ, ನೂಲು ಸಪೂರ ಮಾಡಿ.

ಮೋಟಾರ್: ಹಳೆ ಕ್ಲಚ್ ಮೋಟಾರ್ ಸುಮಾರು 1440 ಆರ್‌ಪಿಎಂ. ಅದಕ್ಕೆ 50 ಮಿ.ಮೀ. ಪುಲ್ಲಿ, ಮಿಷನ್ನಿಗೆ 100 ಮಿ.ಮೀ. ಇದ್ರೂ ನಿಮಿಷಕ್ಕೆ 720 ಸ್ಟಿಚ್, ಸೆಕೆಂಡಿಗೆ 12, ಕಲಿಯುವವರಿಗೆ ಇದು ಭಯಂಕರ ಸ್ಪೀಡ್. ಸ್ಪೀಡ್ ಕಮ್ಮಿ ಮಾಡ್ಲಿಕ್ಕೆ ಆಗುವ ಸರ್ವೋ ಮೋಟಾರ್ ಹಾಕುದು ಒಳ್ಳೆದು.

ಶುರು ಮಾಡುವಾಗ ಮೊದಲ ಎರಡು ಮೂರು ಸ್ಟಿಚ್‌ಗೆ ಎರಡೂ ನೂಲಿನ ತುದಿ ಹಿಂದಕ್ಕೆ ಹಿಡ್ಕೊಳ್ಳಿ, ಇಲ್ಲದಿದ್ರೆ ಅಡಿಯಲ್ಲಿ ನೂಲು ಗುಂಜು ಕಟ್ಟಿ ಹುಕ್ಕಿನೊಳಗೆ ಸಿಕ್ಕಿ ಬೀಳ್ತದೆ. ಆಗ ಸೂಜಿ ಮಾತ್ರ ಮೇಲೆ ಕೆಳಗೆ ಹೋಗ್ತದೆ, ಹುಕ್ಕು ತಿರುಗುದೇ ಇಲ್ಲ. ಅದು ನೋಡಿ ಹೆದರ್ಬೇಡಿ, ಸೇಫ್ಟಿ ಕ್ಲಚ್ ಬಿಟ್ಟುಕೊಂಡದ್ದು ಅಷ್ಟೆ, ಹುಕ್ಕು ಮುರಿಯಬಾರದು ಅಂತಲೇ ಅದನ್ನು ಇಟ್ಟದ್ದು. ಸಿಕ್ಕಿದ ನೂಲು ಪೂರ್ತಿ ತೆಗೆದು, ಬೆಡ್ಡಿನ ಮೇಲಿರುವ ಕ್ಲಚ್ಚಿನ ಬಟನ್ ಒತ್ತಿ ಹಿಡಿದು, ಹ್ಯಾಂಡ್ ವೀಲನ್ನು ನಿಮ್ಮಿಂದ ಆಚೆಗೆ ಸ್ವಲ್ಪ ಗಟ್ಟಿಯಾಗಿಯೇ ತಿರುಗಿಸಿ, ಟಕ್ ಅಂತ ಕೂರ್ತದೆ. ಅದು ಮೊದಲಿನ ಜಾಗದಲ್ಲೇ ಕೂರುದು, ಹಾಗಾಗಿ ಟೈಮಿಂಗ್ ಪುನಃ ಮಾಡ್ಲಿಕ್ಕಿಲ್ಲ.