ಉರಿಯುವ ಮೆಣಸಿನಕಾಯಿ, ಉರಿಯದ ಸಿಮೆಂಟ್

ಉಪ್ಪಿನಕಾಯಿಗೆಂದು ಎರಡು ಕಿಲೋ ಹಸಿಮೆಣಸಿನಕಾಯಿ ಸೀಳಿದ ಕೈ ರಾತ್ರಿಯವರೆಗೂ ಬೆಂಕಿ ತಗುಲಿದಂತೆ ಉರಿಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಸಾಮಾನ್ಯವಾಗಿ ಅಲ್ಲಿ ಬೊಬ್ಬೆಯೂ ಇರುವುದಿಲ್ಲ, ಗಾಯವೂ ಇರುವುದಿಲ್ಲ. ತಾರಸಿಗೆ ಮೋಲ್ಡ್ ಹಾಕುವ ದಿನ ಹಸಿ ಕಾಂಕ್ರೀಟಿನಲ್ಲಿ ಬರಿಗಾಲಲ್ಲಿ ನಿಂತವರ ಪಾಡು ಇದಕ್ಕೆ ತದ್ವಿರುದ್ಧ: ಕೆಲಸದ ಹೊತ್ತಿನಲ್ಲಿ ಏನೂ ಅನ್ನಿಸದಿದ್ದರೂ ಸಂಜೆಗೆ ಚರ್ಮ ಕೆಂಪೇರಿ, ಮರುದಿನಕ್ಕೆ ಆಳವಾದ ಹುಣ್ಣಾಗಿರಬಹುದು. ಚರ್ಮ ಪಡುವ ಉರಿಯಿಂದ ಅದಕ್ಕಾದ ಹಾನಿಯನ್ನು ಅಳೆಯಲಾಗದು.

ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬೀಜದಲ್ಲಿದೆ ಎಂದು ನಂಬಿದವರೇ ಹೆಚ್ಚು. ವಾಸ್ತವದಲ್ಲಿ ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿಯ ದಿಂಡಿನಲ್ಲಿ. ಕೊಬ್ಬಿನಲ್ಲಿ ಕರಗುವ ಈ ವಸ್ತು ಚರ್ಮದ ಮೇಲ್ಪದರವನ್ನು ದಾಟಿ ನಿಧಾನವಾಗಿ ಒಳಗಿಳಿದು, ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಬಾಗಿಲನ್ನು ತೆರೆಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆಯುವ ಬಾಗಿಲು ಅದೇ ಆದ್ದರಿಂದ, ಮಿದುಳಿಗೆ ತಲುಪುವ ಸುದ್ದಿ ‘ಸುಡುತ್ತಿದೆ’ ಎಂಬುದೇ. 1997ರಲ್ಲಿ ಇದನ್ನು ಗುರುತಿಸಿದ ತಂಡವನ್ನು ಮುನ್ನಡೆಸಿದ ಡೇವಿಡ್ ಜೂಲಿಯಸ್, 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನರದ ತುದಿ ಸುದ್ದಿ ಕಳಿಸಿ ಸುಮ್ಮನಾಗುವುದಿಲ್ಲ. ತಾನೇ ಕೆಲವು ರಾಸಾಯನಿಕಗಳನ್ನು ಸ್ರವಿಸಿ ಸುತ್ತಲಿನ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಕೈ ಕೆಂಪಾಗುತ್ತದೆ. ಬಿಸಿನೀರು ಸೋಕಿದೊಡನೆ ಉರಿ ಹೆಚ್ಚುವುದೂ ಆ ಬಾಗಿಲಿನ ದೆಸೆಯಿಂದಲೇ. ಮೊದಲು ಎಣ್ಣೆ ಸವರಿ ಆಮೇಲೆ ಸೋಪು ಹಾಕುವ ಅಡುಗೆಮನೆಯ ಉಪಾಯದಲ್ಲಿ, ಅದನ್ನು ಮೊದಲು ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ಒಳ್ಳೆಯ ರಸಾಯನಶಾಸ್ತ್ರವಿದೆ.

ಸಿಮೆಂಟ್ ಹಾಳುಗೆಡವುವುದು ಚರ್ಮದ ಗೋಡೆಯನ್ನೇ. ಸತ್ತ ಜೀವಕೋಶಗಳ ಇಟ್ಟಿಗೆ, ನಡುವೆ ಕೊಬ್ಬಿನ ಗಾರೆ — ಚರ್ಮದ ಹೊರಪದರ ಕಟ್ಟಿಕೊಂಡಿರುವುದು ಹೀಗೆ. ಅದರ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5; ನೀರು ಕಲಸಿದ ಸಿಮೆಂಟಿನದು 12ಕ್ಕೂ ಹೆಚ್ಚು. ಪಿಎಚ್ ಒಂದು ಅಂಕಿ ಏರಿದರೆ ಕ್ಷಾರತೆ ಹತ್ತು ಪಟ್ಟಾಗುತ್ತದೆ ಎಂಬುದನ್ನು ನೆನೆದರೆ ಈ ಅಂತರದ ಅಗಾಧತೆ ತಿಳಿಯುತ್ತದೆ. ಆ ಕ್ಷಾರವು ಕೊಬ್ಬನ್ನು ಸಾಬೂನಾಗಿಸಿ ಕರಗಿಸುತ್ತದೆ, ಪ್ರೋಟೀನನ್ನು ಸಡಿಲಿಸುತ್ತದೆ. ಹೊರಪದರದಲ್ಲಿ ನರಗಳೇ ಇಲ್ಲದ್ದರಿಂದ ದೂರು ಹೇಳುವವರೂ ಅಲ್ಲಿಲ್ಲ. ಕ್ಷಾರ ಕೆಳಗಿನ ಜೀವಂತ ಕೋಶಗಳನ್ನು ಮುಟ್ಟಿದಾಗ, ಅವು ಮೊದಲೇ ಕೂಡಿಟ್ಟುಕೊಂಡಿರುವ ಇಂಟರ್‌ಲ್ಯೂಕಿನ್-1 ಆಲ್ಫಾ ಎಂಬ ಸಂದೇಶವಾಹಕ ಹೊರಚೆಲ್ಲಿ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಬಾವು, ನೋವು ಕಾಣಿಸುವುದು ಆಮೇಲೆ, ಕೆಲವೊಮ್ಮೆ ಗಂಟೆಗಳ ನಂತರ.

ಗಮ್‌ಬೂಟಿನೊಳಗೆ ಕಾಂಕ್ರೀಟ್ ಇಳಿದರಂತೂ ಒದ್ದೆ ಕಾಲುಚೀಲ ಅದನ್ನು ಚರ್ಮಕ್ಕೆ ಒತ್ತಿ ಹಿಡಿದಿರುತ್ತದೆ. ಉರಿ ಬರಲೆಂದು ಕಾಯದೆ ಬೂಟು, ಕಾಲುಚೀಲ ಎರಡನ್ನೂ ಕಳಚಿ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು.